ಕುಂಬಳದ ಹೂವೂ ದೊಡ್ಡಪ್ಪನ ಗಡ್ಡವೂ

ನಮ್ಮ ದೊಡ್ಡಮ್ಮ ಮಾಡಿಸಿದಷ್ಟು ಮದುವೆಗಳನ್ನು ಈ ಭೂಮಿಯ ಮೇಲೆ ಇನ್ಯಾರೂ ಮಾಡಿಸಿರಲಿಕ್ಕಿಲ್ಲ. ಒಂದೇ ಬೆಳಿಗ್ಗೆ ಸಾವಿರ ಎಂದು ಅವಳೇ ಕೊಚ್ಚಿಕೊಳ್ಳುತ್ತಾಳೆ. ಅವಳ ಮಾತಿನಲ್ಲಿ ಅರ್ಧ ಕಳೆದು ನಂಬುವುದು ನಮ್ಮ ಮನೆಯ ವಾಡಿಕೆ. ಹಾಗೆ ಕಳೆದರೂ ಐನೂರು ಉಳಿಯುತ್ತದೆ. ಗಂಡು ಒಂದು ಕುಂಬಳದ ಹೂವು, ಹೆಣ್ಣು ಇನ್ನೊಂದು ಕುಂಬಳದ ಹೂವು, ನಡುವೆ ಬ್ರಷ್ ಹಿಡಿದು ಬಗ್ಗಿ ನಿಂತ ನಮ್ಮ ದೊಡ್ಡಮ್ಮ. ವಧೂವರರನ್ನು ಅವಳು ಹರಸುವುದಿಲ್ಲ, ಬೈಯುತ್ತಾಳೆ.

"ಬಾಯಿ ತೆಗಿಯೇ ಬೇಗ! ಎಷ್ಟು ನಾಚ್ಕೋತೀಯ? ಬಿಸಿಲೇರಿದ ಮೇಲೆ ಮುಚ್ಕೊಂಡ್ರೆ ನಿನ್ನ ಯಾರು ಕೇಳ್ತಾರೆ?"

ಅದೇನು ಕೆಲಸ ಎಂದು ಕೇಳುವವರಿಗೆ ಹೇಳಿಬಿಡುತ್ತೇನೆ. ಕುಂಬಳದ ಬಳ್ಳಿಯಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಹೀಚು ಮೊದಲೇ ಕೂತಿರುತ್ತದೆ. ಗಂಡು ಹೂವಿನ ಹಳದಿ ಪುಡಿ ಬಂದು ಹೆಣ್ಣು ಹೂವಿನೊಳಗೆ ಬಿದ್ದರೆ ಆ ಹೀಚು ಉಬ್ಬಿ ಕಾಯಾಗುತ್ತದೆ, ಬೀಳದಿದ್ದರೆ ಬಾಡಿ ಉದುರುತ್ತದೆ. ಎರಡೂ ಅರಳುವುದು ಬೆಳಕು ಹರಿಯುವಾಗ, ಮುದುಡುವುದು ಬಿಸಿಲೇರುವಾಗ. ಅಷ್ಟರೊಳಗೆ ಯಾರಾದರೂ ಈ ಹೂವಿನಿಂದ ಆ ಹೂವಿಗೆ ಪುಡಿ ಮುಟ್ಟಿಸಬೇಕು. ಹಿಂದೆಲ್ಲ ಜೇನುನೊಣಗಳು ಆ ಕೆಲಸವನ್ನು ಪುಕ್ಕಟೆ ಮಾಡುತ್ತಿದ್ದವು. ನಾವು ಕೂಲಿಗೆ ಹೋಗುತ್ತಿದ್ದ ಯಜಮಾನರ ಹೊಲದಲ್ಲಿ ಜೇನುನೊಣ ಇರಲಿಲ್ಲ. ಅದಕ್ಕೇ ನಾವು ಇದ್ದೆವು, ಬ್ರಷ್ ಹಿಡಿದ ಒಂದು ಗುಂಪು ಹೆಂಗಸರು, ಮುಂದೆ ದೊಡ್ಡಮ್ಮ, ಹಿಂದೆ ನಾನು.

ಜೇನುನೊಣ ಯಾಕಿರಲಿಲ್ಲ ಅಂದರೆ, ಅವನ್ನು ಕೊಂದವರು ನಮ್ಮ ದೊಡ್ಡಪ್ಪ.

ನಗಬೇಡಿ. ಅಥವಾ ನಗಿ, ನಾವೂ ನಗುತ್ತಿದ್ದೆವು. ದೊಡ್ಡಪ್ಪ ಅದೇ ಹೊಲಕ್ಕೆ ಔಷಧಿ ಹೊಡೆಯುವವರು. ಬೆನ್ನಿಗೆ ಪಂಪು ಕಟ್ಟಿಕೊಂಡು, ಮೂಗಿಗೆ ಬಟ್ಟೆ ಸುತ್ತಿಕೊಂಡು, ಸಾಲು ಸಾಲಾಗಿ ಮಂಜು ಹಾರಿಸುತ್ತ ಹೋಗುವುದು ಅವರ ಕೆಲಸ. ಎಲೆ ತಿನ್ನುವ ಕೆಂಪು ಹುಳ ಸಾಯಲಿ ಎಂದು ಹೊಡೆದ ಔಷಧಿಗೆ ಎಲೆಯ ಮೇಲೆ ಕೂತವರು ಯಾರು, ಹೂವಿನೊಳಗೆ ಕೂತವರು ಯಾರು ಎಂದು ಗೊತ್ತಾಗುತ್ತದೆಯೇ? ಎಲ್ಲರೂ ಸತ್ತರು. ಕೆಂಪು ಹುಳ ಮಾತ್ರ ಮುಂದಿನ ಬೆಳೆಗೆ ಇನ್ನಷ್ಟು ಗಟ್ಟಿಯಾಗಿ ವಾಪಸ್ಸು ಬಂತು. ಔಷಧಿಯೂ ಗಟ್ಟಿಯಾಯಿತು. ಹೀಗೆ ಗಂಡ ಜೇನನ್ನು ಓಡಿಸುವುದು, ಹೆಂಡತಿ ಹೋಗಿ ಜೇನಿನ ಕೆಲಸ ಮಾಡುವುದು, ಇಬ್ಬರೂ ಒಂದೇ ಬೈಕಿನಲ್ಲಿ ಮನೆಗೆ ಬರುವುದು. ಇಷ್ಟು ಅಚ್ಚುಕಟ್ಟಾದ ಸಂಸಾರ ಎಲ್ಲಾದರೂ ಉಂಟೇ?

ಮನೆ ಅಂದರೆ ಪಂಕ್ಚರ್ ಅಂಗಡಿಯ ಮೇಲಿನ ಎರಡು ಕೋಣೆ. ಅಮ್ಮನಿಗೆ ಗಿರಣಿಯಲ್ಲಿ ಪಾಳಿ ಕೆಲಸ ಇದ್ದುದರಿಂದ ನಾನು ಬೆಳೆದದ್ದು ಅಲ್ಲೇ. ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾದರೆ ಮೇಲೆ ಲೋಟಗಳು ತಮ್ಮಷ್ಟಕ್ಕೆ ನಡೆಯುತ್ತವೆ. ಬಚ್ಚಲ ಬಾಗಿಲ ಪಕ್ಕ ಒಂದು ಕನ್ನಡಿ, ಕನ್ನಡಿಯ ಕೆಳಗೆ ಒಂದು ಹಲಗೆ, ಹಲಗೆಯ ಮೇಲೆ ದೊಡ್ಡಪ್ಪನ ಕ್ಷೌರದ ಸಾಮಾನು. ದೊಡ್ಡಪ್ಪ ಹೊಲದಿಂದ ಬಂದವರು ಮೆಟ್ಟಿಲ ಮೇಲೇ ಅಂಗಿ ಬಿಚ್ಚಿ ಬೇರೆ ಬಕೆಟ್ಟಿಗೆ ಹಾಕಬೇಕು, ಮೈ ತೊಳೆದೇ ಒಳಗೆ ಬರಬೇಕು. ಅಷ್ಟು ಮಾಡಿದರೂ ಕಣ್ಣು ಕೆಂಪಗೇ ಇರುತ್ತಿತ್ತು, ತಲೆನೋವು ಎಂದು ಹಣೆ ಒತ್ತಿಕೊಂಡು ಕೂರುತ್ತಿದ್ದರು. ದೊಡ್ಡಮ್ಮ ಆಗ ತಮಾಷೆ ನಿಲ್ಲಿಸಿ ಅವರ ತಲೆ ಒತ್ತುತ್ತಿದ್ದಳು.

ಆ ಬ್ರಷ್ಷಿನ ಕಥೆಯನ್ನೂ ಹೇಳಲೇಬೇಕು. ಮೊದಲ ಸಲ ಬಳ್ಳಿ ತುಂಬ ಹೂ ಬಿಟ್ಟು ಒಂದೂ ಕಾಯಿ ಕಚ್ಚದೆ ಇದ್ದ ವರ್ಷ ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತರು. ಮರುದಿನ ಬೆಳಿಗ್ಗೆ ದೊಡ್ಡಮ್ಮ, ಕನ್ನಡಿಯ ಮುಂದೆ ಮುಖಕ್ಕೆ ಸೋಪು ಬಳಿದುಕೊಳ್ಳಲು ಹೊರಟಿದ್ದ ಗಂಡನ ಕೈಯಿಂದ ಬ್ರಷ್ ಕಿತ್ತುಕೊಂಡು ಹೊಲಕ್ಕೆ ಓಡಿದಳು. ಗಂಡು ಹೂವಿನೊಳಗೆ ಒಂದು ಸುತ್ತು, ಹೆಣ್ಣು ಹೂವಿನೊಳಗೆ ಒಂದು ಸುತ್ತು. ಕಾಯಿ ಕಚ್ಚಿತು! ದೊಡ್ಡಪ್ಪ ಇನ್ನೊಂದು ಬ್ರಷ್ ತಂದರು. ಅದನ್ನೂ ದೊಡ್ಡಮ್ಮ 'ಒಂದು ಹೆಚ್ಚಿಗೆ ಇರ್ಲಿ' ಎಂದು ಎತ್ತಿಟ್ಟುಕೊಂಡಳು. ಮೂರನೆಯದನ್ನು ತರುವ ಉತ್ಸಾಹ ದೊಡ್ಡಪ್ಪನಿಗೆ ಉಳಿಯಲಿಲ್ಲ. ಗಡ್ಡ ಬಿಟ್ಟುಬಿಟ್ಟರು. ಬಿಟ್ಟ ಗಡ್ಡ ಎದೆಯವರೆಗೆ ಇಳಿಯಿತು. ಪಂಕ್ಚರ್ ಅಂಗಡಿಯವನು ದಿನವೂ, "ಸ್ವಾಮಿಗಳು ಬಂದ್ರಾ?" ಎಂದು ಕೇಳುತ್ತಿದ್ದ.

ಇಷ್ಟರಲ್ಲೇ ಸುಖವಾಗಿದ್ದೆವು ಅನ್ನಿ. ಆ ಹೊಲ ಮಾತ್ರ ವಿಚಿತ್ರವಾಗಿತ್ತು. ಕಣ್ಣು ಹಾಯಿಸಿದಷ್ಟು ದೂರ ಹಸಿರು, ಸದ್ದು ಮಾತ್ರ ಇಲ್ಲ. ಹಕ್ಕಿಯಿಲ್ಲ, ಗುಂಯ್ ಎನ್ನುವುದಿಲ್ಲ. ಗುದ್ದಲಿ ಹಾಕಿದರೆ ನೆಲ ಟಣ್ ಅನ್ನುತ್ತಿತ್ತು, ಎರೆಹುಳ ಕಂಡವರಿಗೆ ಬಹುಮಾನ ಕೊಡಬಹುದಿತ್ತು. ಗೊಬ್ಬರದ ಉಪ್ಪು ಬದುವಿನ ಮೇಲೆ ಬೆಳ್ಳಗೆ ಕೂತಿರುತ್ತಿತ್ತು. ನಾವು ಆ ಮೌನವನ್ನು ಮುಚ್ಚಲಿಕ್ಕೆಂದೇ ಜೋರಾಗಿ ಹರಟೆ ಹೊಡೆಯುತ್ತಿದ್ದೆವೇನೋ. ನಮ್ಮ ಗುಂಪಿನಲ್ಲಿ ಒಬ್ಬಳಿಗೆ ಹೂವಿನ ಪುಡಿ ಮೂಗಿಗೆ ತಾಗಿದರೆ ಸೀನು. ಅವಳ ಹೆಸರೇ ಸೀನಕ್ಕ ಎಂದಾಗಿತ್ತು. ಅವಳು ಸೀನಿದಾಗಲೆಲ್ಲ ದೊಡ್ಡಮ್ಮ, "ಪುಡಿ ಹಾರಿಸಬೇಡ್ವೇ, ನನ್ನ ಗಂಡುಗಳೆಲ್ಲ ಖಾಲಿ ಆಗ್ತಾರೆ!" ಎಂದು ಕೂಗುತ್ತಿದ್ದಳು.

ಒಂದು ಬೆಳಿಗ್ಗೆ ದೊಡ್ಡಮ್ಮನ ಕೂಗು ನಿಂತಿತು. ಹೊಲದ ಪಕ್ಕದಲ್ಲಿ ರೈಲು ಓಡಾಡುವುದು ನಿಂತ ಹಳೆಯ ಹಳಿಯ ದಿಬ್ಬವಿದೆ. ಯಾರದ್ದೂ ಅಲ್ಲದ ಜಾಗ, ಹಾಗಾಗಿ ಯಾರೂ ಔಷಧಿ ಹೊಡೆಯದ ಜಾಗ. ಕಳೆ, ಪೊದೆ, ಕಾಡುಹೂವು ಮನಸ್ಸಿಗೆ ಬಂದಂತೆ ಬೆಳೆದಿರುತ್ತವೆ. ಅದರ ಪಕ್ಕದ ಸಾಲಿನಲ್ಲಿ ದೊಡ್ಡಮ್ಮ ಬ್ರಷ್ ಮೇಲೆತ್ತಿ ಕಲ್ಲಾಗಿ ನಿಂತಿದ್ದಳು. ಸೊಂಟ ಹಿಡಿದುಕೊಂಡಿರಬೇಕು ಎಂದು ಓಡಿದೆ.

"ಶ್!" ಅಂದಳು. "ಉಸಿರು ಬಿಡ್ಬೇಡ."

ಬ್ರಷ್ಷಿನ ತುದಿಯಲ್ಲಿ ಒಂದು ಜೇನುನೊಣ ಕೂತಿತ್ತು. ಮೈಯೆಲ್ಲ ಹಳದಿ ಪುಡಿ. ನಿಧಾನವಾಗಿ ಕಾಲುಗಳಿಂದ ಬ್ರಷ್ಷಿನ ಕೂದಲು ಬಾಚುತ್ತಿತ್ತು. ಆಮೇಲೆ ಹಾರಿ ದಿಬ್ಬದ ಕಡೆ ಹೋಯಿತು. ದೊಡ್ಡಮ್ಮನ ಕಣ್ಣು ತುಂಬಿತ್ತು. ಮರುಕ್ಷಣ ನನ್ನ ಎರಡೂ ಕೈ ಹಿಡಿದು, ಬಳ್ಳಿ ತುಳಿಯದಂತೆ ಎಚ್ಚರದಿಂದ, ಗಿರಗಿರ ಸುತ್ತಿಸಿದಳು.

"ನೋಡ್ದೇನೇ? ಅದು ನಂಗೆ ಹೇಳಿಹೋಯ್ತು ಕಣೇ!"

"ಏನಂತ ದೊಡ್ಡಮ್ಮ?"

"ನನ್ ಕೆಲಸ ನಂಗೆ ಕೊಡು ಅಂತ!"

ಅವತ್ತಿನಿಂದ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಊಟಕ್ಕೆ ಕೂತರೂ ಜೇನು, ಬಟ್ಟೆ ಒಗೆದರೂ ಜೇನು. ದೊಡ್ಡಪ್ಪ ಕೇಳಿ ಕೇಳಿ ಬೇಸತ್ತು, "ಒಂದು ನೊಣ ದಾರಿ ತಪ್ಪಿ ಬಂದಿತ್ತು ಕಣೇ, ಅಷ್ಟೇ" ಎಂದರೆ ಅವರ ತಟ್ಟೆ ಎಳೆದುಕೊಳ್ಳುತ್ತಿದ್ದಳು.

ಅದೇ ಹೊತ್ತಿಗೆ ಯಜಮಾನರಿಗೆ ಊದುವ ಯಂತ್ರದ ಹುಚ್ಚು ಹತ್ತಿತು. ಯಜಮಾನರು ಕೆಟ್ಟವರಲ್ಲ, ಹೆದರುವವರು. ಕುಂಬಳದ ತಿರುಳು ಡಬ್ಬಿಗೆ ತುಂಬುವ ಕಾರ್ಖಾನೆಯಿಂದ ಫೋನು ಬಂದರೆ ಎದ್ದು ನಿಂತು ಮಾತಾಡುವವರು. ಹೊಸ ಔಷಧಿ, ಜೊತೆಗೆ ಹೂವಿನ ಪುಡಿ ಊದುವ ಯಂತ್ರ, ಇವೆರಡಿದ್ದರೆ ಹೆಂಗಸರ ಗುಂಪೇ ಬೇಡ ಎಂದು ಮಾರುವವನು ಹೇಳಿದ್ದನಂತೆ. ಯಂತ್ರವನ್ನು ತಂದು ನಮ್ಮೆದುರೇ ಊದಿ ತೋರಿಸಿದರು. ಪುಡಿ ಒಂದು ಕಡೆ ಹೋಯಿತು, ಹೂವಿನ ದಳ ಒಂದು ಕಡೆ ಹೋಯಿತು, ಯಜಮಾನರ ಟೋಪಿ ದಿಬ್ಬ ದಾಟಿತು. ಸೀನಕ್ಕ ಸೀನುವುದನ್ನು ನಿಲ್ಲಿಸಲು ನೀರು ಕುಡಿಸಬೇಕಾಯಿತು. ಆದರೂ ಯಜಮಾನರು, "ಅಭ್ಯಾಸ ಆದ್ರೆ ಸರಿಹೋಗುತ್ತೆ. ಮುಂದಿನ ಬೆಳೆಗೆ ತಗೊಳ್ತೀನಿ" ಎಂದರು.

ನಾವೆಲ್ಲ ಬ್ರಷ್ ಕೆಳಗಿಟ್ಟೆವು. ದೊಡ್ಡಮ್ಮ ಮಾತ್ರ ಮುಂದೆ ಹೋಗಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಯಜಮಾನ್ರೇ, ಆ ದಿಬ್ಬದ ಪಕ್ಕದ ಪಟ್ಟಿ ನಂಗೆ ಬಿಟ್ಕೊಡಿ. ಔಷಧಿ ಬೇಡ, ಬ್ರಷ್ ಬೇಡ, ಯಂತ್ರಾನೂ ಬೇಡ. ಜೇನು ಬಂದು ಕಾಯಿ ಕಚ್ಚಿಸ್ತವೆ. ಕಚ್ಚಿಸಿದ್ರೆ ನೀವು ಯಂತ್ರ ತಗೋಬಾರ್ದು, ನಮ್ಮನ್ನ ಬಿಡಿಸ್ಬಾರ್ದು."

"ಕಚ್ಚದೇ ಇದ್ರೆ?"

"ನಾನೂ ನಮ್ಮೆಜಮಾನ್ರೂ ಇಬ್ರೂ ಕೆಲಸ ಬಿಟ್ಟು ಹೋಗ್ತೀವಿ."

ಗಂಡನನ್ನು ಒಂದು ಮಾತು ಕೇಳಿರಲಿಲ್ಲ ಪುಣ್ಯಾತ್ಗಿತ್ತಿ! ದೊಡ್ಡಪ್ಪ ಆ ಹೊತ್ತಿಗೆ ಬಾವಿ ಹತ್ತಿರ ಪಂಪು ತೊಳೆಯುತ್ತಿದ್ದರು. ಯಜಮಾನರು ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು. ಒಂದೇ ಷರತ್ತು, ಆ ಪಟ್ಟಿಯ ಹೂವಿಗೆ ಮನುಷ್ಯರ ಕೈ ಸೋಕಬಾರದು.

ಅವತ್ತು ಸಂಜೆ ಬೈಕಿನಲ್ಲಿ ಈ ಸುದ್ದಿ ಕೇಳಿದ ದೊಡ್ಡಪ್ಪ ರಸ್ತೆಯ ನಡುವೆಯೇ ಬ್ರೇಕ್ ಹಾಕಿದರಂತೆ. ಮನೆಗೆ ಬಂದವರ ಮುಖ ಇಂಗು ತಿಂದ ಮಂಗನಂತಿತ್ತು. "ನಿನ್ನ ಕೆಲಸ ನೀನು ಬಿಡು. ನನ್ನದನ್ನ ಯಾಕೆ ಸೇರಿಸ್ದೆ?" ಎಂದರು.

"ನೀವಿಲ್ದೆ ನಾನೊಬ್ಳೇ ಹೋಗ್ಲಾ? ಚೆನ್ನಾಗಿರಲ್ಲ" ಎಂದಳು ದೊಡ್ಡಮ್ಮ.

ಪಟ್ಟಿ ಕೈಗೆ ಬಂದ ದಿನದಿಂದ ನಮಗೆ ಬಿಡುವಿಲ್ಲ. ಹುಲ್ಲು ತಂದು ಬಳ್ಳಿಯ ಬುಡಕ್ಕೆಲ್ಲ ಹೊದಿಸಿದೆವು. ಬದುವಿನ ಕಳೆಯನ್ನು ಹೂ ಬಿಡಲು ಬಿಟ್ಟೆವು, ಅದರ ನಡುವೆ ಸಾಸಿವೆ, ಕೊತ್ತಂಬರಿ ಚೆಲ್ಲಿದೆವು. ಕೆಂಪು ಹುಳಗಳನ್ನು ಮಬ್ಬು ಬೆಳಕಿನಲ್ಲಿ, ಅವಿನ್ನೂ ಚಳಿಗೆ ಮರಗಟ್ಟಿರುವಾಗ, ಕೈಯಲ್ಲೇ ಹೆಕ್ಕಿ ಸೋಪಿನ ನೀರಿಗೆ ಹಾಕಿದೆವು. ದೊಡ್ಡಪ್ಪ ಪಂಪು ತೆಗೆದುಕೊಂಡು ಆ ಕಡೆ ಸುಳಿಯಬಾರದು ಎಂದು ಅಪ್ಪಣೆಯಾಯಿತು. ಹೊಲದ ಉಳಿದ ಭಾಗಕ್ಕೂ ಹೂವು ಮುಚ್ಚಿದ ಮೇಲೆ, ಸಂಜೆಯೇ ಹೊಡೆಯಬೇಕು ಎಂದು ಇನ್ನೊಂದು ಅಪ್ಪಣೆ. ದೊಡ್ಡಪ್ಪ ತಲೆಯಾಡಿಸಿದರು. ಆ ತಲೆ ಆಡುವುದಕ್ಕೇ ಇದೆ ಎಂದು ನಾವೆಲ್ಲ ನಕ್ಕೆವು.

ಅತಿ ಕಷ್ಟವಾದದ್ದು ದೊಡ್ಡಮ್ಮನನ್ನು ತಡೆಯುವುದು. ಅಷ್ಟು ವರ್ಷದ ರೂಢಿ! ಅರಳಿದ ಹೆಣ್ಣು ಹೂವು ಕಂಡರೆ ಸಾಕು, ಅವಳ ಕೈ ತಾನಾಗಿ ಮುಂದೆ ಹೋಗುತ್ತಿತ್ತು. "ದೊಡ್ಡಮ್ಮಾ, ಕೈ!" ಎಂದು ನಾನು ಕೂಗಬೇಕು. ಅವಳು ಬಿಸಿ ಪಾತ್ರೆ ಮುಟ್ಟಿದಂತೆ ಕೈ ಹಿಂದೆಳೆದು, "ಪಾಪ ಕಣೇ, ಸುಮ್ನೆ ನೋಡ್ತಾ ಇದೆ ನನ್ನ" ಎನ್ನಬೇಕು. ಕೊನೆಗೆ ಎರಡೂ ಕೈಯನ್ನು ಸೀರೆಯ ಮೇಲೆ ತೊಟ್ಟ ಕೆಲಸದ ಕೋಟಿನ ಜೇಬಿನಲ್ಲಿ ತುರುಕಿಕೊಂಡು ಜೇಬಿನ ಬಾಯಿಗೆ ಪಿನ್ನು ಹಾಕಿಸಿಕೊಂಡಳು. ಆಮೇಲೆ ಮೂಗು ತುರಿಸಿದರೂ ನನ್ನನ್ನೇ ಕರೆಯಬೇಕಾಯಿತು.

ಮೊದಲ ವಾರ ಕಳೆಯುವುದರಲ್ಲೇ ಹೀಚುಗಳು ಉಬ್ಬತೊಡಗಿದವು. ಒಂದಲ್ಲ, ಎರಡಲ್ಲ, ಸಾಲಿಗೆ ಸಾಲೇ! ದೊಡ್ಡಮ್ಮ ಪಂಕ್ಚರ್ ಅಂಗಡಿಯವನಿಂದ ಹಿಡಿದು ಬಸ್ಸಿನ ಡ್ರೈವರಿನವರೆಗೆ ಎಲ್ಲರಿಗೂ ಸುದ್ದಿ ಮುಟ್ಟಿಸಿದಳು. ಯಜಮಾನರು ಬಂದು ಬಗ್ಗಿ ನೋಡಿ, ಕನ್ನಡಕ ಒರೆಸಿ, ಮತ್ತೆ ಬಗ್ಗಿ ನೋಡಿದರು. ಒಂದೇ ವಿಚಿತ್ರ. ಜೇನುನೊಣ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ.

"ನಾಚಿಕೆ ಸ್ವಭಾವದವು" ಎಂದಳು ದೊಡ್ಡಮ್ಮ. "ನಾವು ಬರೋಕೆ ಮುಂಚೆ ಬಂದು ಹೋಗ್ತವೆ."

ಅವಳು ಅಂದದ್ದು ಒಂದು ಲೆಕ್ಕಕ್ಕೆ ಸರಿಯಾಗಿಯೇ ಇತ್ತು.

ಬದುವಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಬೆಳಿಗ್ಗೆ ಅದು. ದೊಡ್ಡಪ್ಪ ಫ್ಲಾಸ್ಕ್ ಹಿಡಿದು ಒಬ್ಬೊಬ್ಬರಿಗೇ ಬಗ್ಗಿ ಸುರಿಯುತ್ತ ಬಂದರು. ಸೀನಕ್ಕನ ಮುಂದೆ ಬಗ್ಗಿದರು. ಸೀನಕ್ಕ ಸೀನಿದಳು. ಅವರು ಹಿಂದೆ ಸರಿದರು, ಸೀನು ನಿಂತಿತು. ಮತ್ತೆ ಬಗ್ಗಿದರು, ಮತ್ತೆ ಸೀನಿದಳು. ಹೂವೆಲ್ಲ ದೂರದಲ್ಲಿದೆ, ಗಾಳಿಯೂ ಆಚೆ ಬೀಸುತ್ತಿದೆ, ಇವಳಿಗೇನಾಯಿತು ಎಂದು ನಾವೆಲ್ಲ ತಲೆ ಎತ್ತಿದೆವು.

ದೊಡ್ಡಪ್ಪನ ಗಡ್ಡ ಅಪ್ಪಟ ಹಳದಿ.

ತುದಿ ಮಾತ್ರವಲ್ಲ, ಗಲ್ಲದವರೆಗೆ. ಬಿಸಿಲಿಗೆ ಹೊಳೆಯುತ್ತಿತ್ತು. ನಾವೆಲ್ಲ ಲೋಟ ಹಿಡಿದಂತೆಯೇ ನೋಡಿದೆವು. ಸೀನಕ್ಕ ಒಬ್ಬಳೇ ತನ್ನ ಕೆಲಸ ಮುಂದುವರಿಸಿದಳು. ದೊಡ್ಡಮ್ಮ ಲೋಟ ಕೆಳಗಿಟ್ಟು ಎದ್ದು ಹೋಗಿ, ಗಂಡನ ಗಡ್ಡವನ್ನು ಎರಡು ಬೆರಳಲ್ಲಿ ಹಿಡಿದು, ಕೊಡವಿದಳು. ಪುಡಿ ಹಾರಿತು.

"ರೀ, ಸಂಜೆ ಹೊಡೆಯೋ ಪಂಪಿಗೆ ಇನ್ನೂ ಬೆಳಕೇ ಆಗದ ಹೊತ್ತಲ್ಲಿ ಯಾಕೆ ನೀರು ತುಂಬೋಕೆ ಬರ್ತೀರಿ ಅಂತ ಕೇಳ್ಬೇಕು ಅಂತಲೇ ಇದ್ದೆ."

ದೊಡ್ಡಪ್ಪ ನೆಲ ನೋಡಿದರು. ಆಮೇಲೆ ಒಂದೇ ಉಸಿರಿಗೆ ಎಲ್ಲ ಹೇಳಿದರು. ಹಲ್ಲಲ್ಲಿ ಟಾರ್ಚ್ ಕಚ್ಚಿಕೊಂಡು, ಆಗಷ್ಟೇ ಬಿರಿಯುತ್ತಿದ್ದ ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸುತ್ತ ಸಾಲಿಡೀ ಬಗ್ಗಿಕೊಂಡು ಹೋಗುತ್ತಿದ್ದರಂತೆ. ಮುಖ ಹೂವಿನ ಹತ್ತಿರ ಹೋದಷ್ಟೂ ಗಡ್ಡ ಹೂವಿನೊಳಗೆ ಹೋಗುತ್ತಿತ್ತು.

"ಜೇನು ಎಲ್ಲಿಂದ ಬರ್ಬೇಕು ಕಣೇ?" ಎಂದರು. "ಇಷ್ಟು ವರ್ಷ ಕೊಂದವನು ನಾನು. ಒಂದೂ ಉಳಿದಿಲ್ಲ ಅಂತ ನಂಗಲ್ದೆ ಇನ್ಯಾರಿಗೆ ಗೊತ್ತಿರುತ್ತೆ? ನೀನು ದಿನಾ ಕುಣೀತಾ ಇದ್ದೆ. ಅದು ನಿಲ್ಲೋದನ್ನ ನೋಡೋಕೆ ನಂಗಾಗ್ತಿರ್ಲಿಲ್ಲ."

ದೊಡ್ಡಮ್ಮನಿಗೆ ಸಿಟ್ಟು ಬಂತು, ನಗು ಬಂತು, ಅಳು ಬಂತು, ಮೂರೂ ಒಟ್ಟಿಗೇ ಬಂದವು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಅವರ ಬೆನ್ನಿಗೆ ಎರಡು ಬಾರಿಸಿದಳು, ಅದೇ ಬಟ್ಟೆಯಲ್ಲಿ ಅವರ ಕಣ್ಣು ಒರೆಸಿದಳು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನಗುತ್ತಲೇ ನನಗೆ ಒಂದು ಹೊಳೆಯಿತು. ಈ ಹೀಚುಗಳೆಲ್ಲ ದೊಡ್ಡಪ್ಪನವು, ಜೇನಿನದು ಒಂದೂ ಅಲ್ಲ. ಹೂ ಬಿಡುವ ಕಾಲವೂ ಮುಗಿಯುತ್ತ ಬಂದಿತ್ತು.

"ಸುಮ್ನಿದ್ಬಿಡಿ ದೊಡ್ಡಮ್ಮ" ಎಂದೆ. "ಯಜಮಾನ್ರಿಗೇನು ಗೊತ್ತಾಗುತ್ತೆ? ಕಾಯಂತೂ ಕಚ್ಚಿದೆ."

ಅವಳು ನನ್ನನ್ನು ನೋಡಿದ ನೋಟ! "ಮುಂದಿನ ಬೆಳೆಗೂ ನಿನ್ನ ದೊಡ್ಡಪ್ಪನ್ನೇ ಗೂಡು ಕಟ್ಟಿ ಸಾಕೋಣ ಅಂತೀಯಾ?" ಎಂದು, ಪಂಪಿನ ಮನೆಯಲ್ಲಿದ್ದ ಯಜಮಾನರನ್ನು ಕರೆದುಕೊಂಡು ಬರಲು ಹೊರಟೇಬಿಟ್ಟಳು.

ಯಜಮಾನರಿಗೆ ಗಡ್ಡ ತೋರಿಸಿದಳು, ನಡೆದದ್ದನ್ನು ಹೇಳಿದಳು. ಅವರ ಬಾಯಿ ತೆರೆದದ್ದು ಮುಚ್ಚುವ ಮೊದಲೇ ಪಟ್ಟಿಗಿಳಿದು, ಉಬ್ಬಿದ ಹೀಚುಗಳನ್ನು ಒಂದೊಂದಾಗಿ ಚಿವುಟಿ ಎಸೆಯತೊಡಗಿದಳು. ಟಕ್, ಟಕ್, ಟಕ್. ಯಜಮಾನರು, "ಅಯ್ಯೋ ಬೇಡಮ್ಮಾ, ಕಾಯಿ ಕಣಮ್ಮಾ ಅದು!" ಎಂದು ಹಿಂದೆ ಹಿಂದೆಯೇ ಓಡಿದರು. ದೊಡ್ಡಪ್ಪ ಕಣ್ಣು ಮುಚ್ಚಿಕೊಂಡರು. ಪಟ್ಟಿ ಪೂರ್ತಿ ಬೋಳಾದ ಮೇಲೆ ದೊಡ್ಡಮ್ಮ ನೆಟ್ಟಗೆ ನಿಂತು ಬೆವರು ಒರೆಸಿಕೊಂಡಳು.

"ಬಳ್ಳಿಯಲ್ಲಿ ಇನ್ನೊಂದಿಷ್ಟು ಹೆಣ್ಣು ಮೊಗ್ಗು ಇವೆ. ನಾಳೆಯಿಂದ ಎಲ್ರೂ ಇಲ್ಲಿ ಕೂರೋದು, ನೀವೂ ಬನ್ನಿ ಯಜಮಾನ್ರೇ. ಬೆಳಕಾಗೋಕೆ ಮುಂಚೆ ಬಂದು, ಹೂವು ಮುಚ್ಚೋವರೆಗೆ. ಯಾರ ಕೈ ಎಲ್ಲಿದೆ ಅಂತ ಎಲ್ರಿಗೂ ಕಾಣ್ಬೇಕು."

ಹೀಗೆ ನಮ್ಮ ಜನ್ಮದಲ್ಲೇ ಮೊದಲ ಬಾರಿಗೆ, ಹೂವು ಅರಳುವ ಹೊತ್ತಿನಲ್ಲಿ ನಾವು ಕೈಕಟ್ಟಿ ಕೂತೆವು. ಬದುವಿನ ಮೇಲೆ ಸಾಲಾಗಿ ಹೆಂಗಸರು, ತುದಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಯಜಮಾನರು, ನಡುವೆ ದೊಡ್ಡಪ್ಪ. ಅವರ ಮೇಲೆ ಯಾರಿಗೂ ನಂಬಿಕೆ ಇರಲಿಲ್ಲ, ಹಾಗಾಗಿ ತಮ್ಮ ಕೈಗಳ ಮೇಲೆಯೇ ಕೂರಬೇಕು ಎಂದು ದೊಡ್ಡಮ್ಮನ ಆಜ್ಞೆ. ಪಾಪ, ಕಾಲು ಸೆಟೆದುಕೊಂಡರೂ ಏಳಲಿಲ್ಲ. ಸೀನಕ್ಕ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದಿದ್ದಳು.

ಮೊದಲ ದಿನ ಒಂದು ಇರುವೆ ಹೂವಿನ ದಳ ಹತ್ತಿ ಇಳಿಯಿತು. ಎಲ್ಲರೂ ಕಣ್ಣಲ್ಲಿ ಕಣ್ಣಿಟ್ಟು ಅದನ್ನೇ ನೋಡಿದೆವು. ಹೂವುಗಳು ಮುದುಡಿದವು, ಮನೆಗೆ ಹೋದೆವು. ಎರಡನೆಯ ದಿನ ಮೋಡ, ತುಂತುರು. ಜೇನಿರಲಿ, ನಮಗೇ ಹೊರಗೆ ಬರಲು ಮನಸ್ಸಿರಲಿಲ್ಲ. ಯಜಮಾನರು ಕೊಡೆ ಹಿಡಿದು ಗಂಟಲು ಸರಿಮಾಡಿಕೊಂಡರು. ಆ ದಿನ ಮನೆಯಲ್ಲಿ ದೊಡ್ಡಮ್ಮ ಪಾತ್ರೆ ತೊಳೆಯುತ್ತ ಅರ್ಧಕ್ಕೇ ಕೈ ನಿಲ್ಲಿಸಿದಳು.

"ಬರ್ದೇ ಇದ್ರೆ ಏನು ಮಾಡೋದು ಕಣೇ?" ಎಂದು ನನ್ನನ್ನು ಕೇಳಿದಳು. ಅವಳು ಯಾರನ್ನೂ ಏನನ್ನೂ ಹಾಗೆ ಕೇಳಿದವಳಲ್ಲ. ನನಗೆ ಹೆದರಿಕೆಯಾಯಿತು.

ಮೂರನೆಯ ಬೆಳಿಗ್ಗೆ ಮೋಡ ಕಳೆದಿತ್ತು. ಬಿಸಿಲು ದಿಬ್ಬದ ಮೇಲಿಂದ ಇಳಿದು ನಮ್ಮ ಕಾಲಬೆರಳು ಮುಟ್ಟಿತು. ಹೂವುಗಳು ಅಗಲವಾಗಿ ಬಾಯಿ ತೆರೆದು ಕಾದಿದ್ದವು. ಯಾರೂ ಹರಟುತ್ತಿರಲಿಲ್ಲ. ಆ ಮೌನದಲ್ಲಿ ಮೊದಲು ಕೇಳಿಸಿದ್ದು ದೊಡ್ಡಪ್ಪನಿಗೆ.

"ಶ್," ಎಂದರು. "ಗುಂಯ್ ಅಂತಿದೆ."

"ನಿಮ್ ಕಿವಿ ಗುಂಯ್ ಅಂತಿರ್ಬೇಕು" ಎಂದಳು ದೊಡ್ಡಮ್ಮ. ಹೇಳಿ ಮುಗಿಸುವ ಮೊದಲೇ ಅವಳ ಮೂಗಿನ ಮುಂದಿನಿಂದ ಒಂದು ಜೇನುನೊಣ ಹಾರಿ ನೇರ ಗಂಡು ಹೂವಿನೊಳಗೆ ಧುಮುಕಿತು. ಒಳಗೆ ಹೊರಳಾಡಿತು. ಪುಡಿ ಮೆತ್ತಿಕೊಂಡು ಹೊರಗೆ ಬಂದು ಪಕ್ಕದ ಹೂವಿಗೆ ಹಾರಿತು. ಅದು ಗಂಡು. "ಅಯ್ಯೋ ಅದಲ್ಲ!" ಎಂದು ನಾವೆಲ್ಲ ಒಟ್ಟಿಗೆ ಕಿರುಚಿದೆವು. ಅದು ನಮಗೆ ಸೊಪ್ಪು ಹಾಕದೆ ಇನ್ನೊಂದು ಗಂಡು ಹೂವಿಗೆ ಹೋಯಿತು. "ಎಡಕ್ಕೆ! ಎಡಕ್ಕೆ!" ಎಂದರು ಯಜಮಾನರು, ಕುರ್ಚಿಯ ಮೇಲೆ ಎದ್ದು ನಿಂತು. ಆಮೇಲೆ ಅದು ತನ್ನಿಷ್ಟ ಬಂದ ಹೊತ್ತಿಗೆ, ತನ್ನಿಷ್ಟ ಬಂದ ದಾರಿಯಲ್ಲಿ, ಹೀಚು ಹೊತ್ತ ಒಂದು ಹೆಣ್ಣು ಹೂವಿನೊಳಗೆ ಇಳಿಯಿತು.

ಸದ್ದು ಹೆಚ್ಚಾಯಿತು. ದಿಬ್ಬದಿಂದ ಇನ್ನೊಂದು ಬಂತು, ಇನ್ನೆರಡು, ಆಮೇಲೆ ಬಂದವರನ್ನು ಎಣಿಸುವ ವ್ಯವಧಾನ ಯಾರಿಗಿತ್ತು! ಸೀನಕ್ಕ ಸೀನುತ್ತ ಸೀನುತ್ತ ಚಪ್ಪಾಳೆ ಹೊಡೆದಳು. ದೊಡ್ಡಪ್ಪ ತಮ್ಮ ಕೈಗಳ ಮೇಲೆ ಕೂತೇ ಇದ್ದರು, ಕಣ್ಣಿಂದ ನೀರು ಗಡ್ಡಕ್ಕೆ ಇಳಿಯುತ್ತಿತ್ತು. "ಉಳಿದಿದ್ವು ಕಣೇ," ಎಂದು ಮತ್ತೆ ಮತ್ತೆ ಅನ್ನುತ್ತಿದ್ದರು, "ಎಲ್ಲಾ ಸತ್ತಿರ್ಲಿಲ್ಲ."

ದೊಡ್ಡಮ್ಮ ಕುಣಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಕುಣಿಯಲಿಲ್ಲ. ನನ್ನಿಂದ ಜೇಬಿನ ಪಿನ್ನು ಬಿಚ್ಚಿಸಿಕೊಂಡು, ಎದ್ದು ಬಳ್ಳಿಯ ನಡುವೆ ಹೋಗಿ ಬ್ರಷ್ ಹೊರಗೆ ತೆಗೆದಳು. ಷರತ್ತೇ ಮರೆತವಳಂತೆ ಅರಳಿದ ಹೂವಿನ ಮುಂದೆ ಬಗ್ಗಿದಳು. ಒಳಗೆ ಒಂದು ಜೇನು ಕೆಲಸದಲ್ಲಿತ್ತು. ಸ್ವಲ್ಪ ಕಾದಳು. ಅದು ಹೊರಗೆ ಬರಲಿಲ್ಲ. ಪಕ್ಕದ ಹೂವಿಗೆ ಹೋದಳು, ಅಲ್ಲಿಯೂ ಒಂದು. ಮತ್ತೊಂದು ಹೂವಿಗೆ ಹೋದಳು. ಎಲ್ಲೂ ಅವಳಿಗೆ ಜಾಗವಿರಲಿಲ್ಲ. ಅವಳ ಮುಖದಲ್ಲಿ ಒಂದು ಗಳಿಗೆ ಬೇಜಾರು ಕಂಡಿತು, ನಿಜವಾದ ಬೇಜಾರು. ಅಷ್ಟು ವರ್ಷ ತನ್ನಂಥವಳು ಇನ್ನೊಬ್ಬಳಿಲ್ಲ ಎಂದು ಮೆರೆದವಳಲ್ಲವೇ? ಆಮೇಲೆ ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು ನೋಡಿ, ದಿಬ್ಬದ ಆಚೆಗೂ ಕೇಳಿಸಿರಬೇಕು.

"ನೋಡ್ರೇ, ನನ್ನನ್ನೇ ಕ್ಯೂನಲ್ಲಿ ನಿಲ್ಲಿಸ್ತಾವೆ!"

ಹೀಚುಗಳು ಉಬ್ಬಿದವು. ಬ್ರಷ್ಷಿನಷ್ಟು ಅಚ್ಚುಕಟ್ಟಾಗಿಯಲ್ಲ. ಕೆಲವು ಉದುರಿದವು, ಕೆಲವು ಒಂದು ಕಡೆ ಊದಿ ಸೊಟ್ಟಗಾದವು. ಯಜಮಾನರು ಬೆರಳಿನ ಗೆಣ್ಣಿನಿಂದ ಒಂದೊಂದನ್ನೂ ತಟ್ಟಿ ನೋಡಿ, ಯಂತ್ರದವನಿಗೆ ಫೋನು ಮಾಡಿ, ಕೂತುಕೊಂಡೇ ಬೇಡ ಎಂದರು. ಮುಂದಿನ ಬೆಳೆಗೆ ಅರ್ಧ ಹೊಲಕ್ಕೆ ಔಷಧಿ ಇಲ್ಲ ಎಂದರು. "ಪೂರ್ತಿ" ಎಂದಳು ದೊಡ್ಡಮ್ಮ. "ಅರ್ಧ" ಎಂದರು ಅವರು. ಆ ಜಗಳ ಇನ್ನೂ ನಡೆಯುತ್ತಿದೆ. ನಮ್ಮ ಗುಂಪಿನಲ್ಲಿ ಯಾರೂ ಕೆಲಸ ಕಳೆದುಕೊಳ್ಳಲಿಲ್ಲ. ಹುಳ ಹೆಕ್ಕಬೇಕು, ಹುಲ್ಲು ಹೊದಿಸಬೇಕು, ಬದುವಿಗೆ ಹೂವಿನ ಬೀಜ ಚೆಲ್ಲಬೇಕು, ಉಳಿದರ್ಧಕ್ಕೆ ಬ್ರಷ್ ಬೇಕೇ ಬೇಕು. ದೊಡ್ಡಮ್ಮನೂ ಎಲ್ಲ ಕೆಲಸಕ್ಕೂ ಬರುತ್ತಾಳೆ, ಬ್ರಷ್ಷಿನ ಕೆಲಸಕ್ಕೆ ಮಾತ್ರ ಬರಲೊಲ್ಲೆ ಎಂದುಬಿಟ್ಟಳು. ದೊಡ್ಡಪ್ಪ ಪಂಪು ಕೆಳಗಿಟ್ಟು ಹುಲ್ಲು ಹೊರುತ್ತಾರೆ, ಬೆನ್ನು ನೋವು ಎಂದು ದಿನವೂ ಗೊಣಗುತ್ತಾರೆ. ತಲೆನೋವು ಎಂದು ಹೇಳಿದ್ದನ್ನು ನಾನು ಆಮೇಲೆ ಕೇಳಿಲ್ಲ.

ಆದರೆ ನಾನು ಹೇಳಬೇಕಾದದ್ದು ಆ ಮೂರನೆಯ ದಿನದ ಸಂಗತಿ. ಮನೆಗೆ ಬಂದವಳೇ ದೊಡ್ಡಮ್ಮ ಸೀದಾ ಬಚ್ಚಲ ಬಾಗಿಲಿಗೆ ಹೋದಳು. ಕನ್ನಡಿಯ ಕೆಳಗಿನ ಹಲಗೆಯ ಮೇಲೆ, ಹಳೆಯ ಜಾಗದಲ್ಲೇ, ಬ್ರಷ್ ಇಟ್ಟಳು. ದೊಡ್ಡಪ್ಪ ಅದನ್ನು ನೋಡಿದರು, ಅವಳನ್ನು ನೋಡಿದರು.

"ಇನ್ನು ನಿಂಗೆ ಬೇಡ್ವಾ?"

"ನಂಗ್ಯಾಕೆ?" ಎಂದಳು. "ಅದರ ಕೆಲಸದವ್ರು ಬಂದಿದ್ದಾರಲ್ಲ."

ದೊಡ್ಡಪ್ಪ ಕತ್ತರಿ ಹಿಡಿದು ಮೊದಲು ಗಡ್ಡ ಕತ್ತರಿಸಿದರು, ಆಮೇಲೆ ಬ್ರಷ್ಷನ್ನು ನೀರಿನಲ್ಲಿ ಅದ್ದಿ ಸೋಪಿನ ಮೇಲೆ ಉಜ್ಜಿದರು. ನೊರೆ ಹಳದಿಯಾಗಿ ಎದ್ದಿತು. ಅದನ್ನೇ ಮುಖಕ್ಕೆಲ್ಲ ಬಳಿದುಕೊಂಡರು. ಕೆಳಗೆ ಗಾಳಿ ಯಂತ್ರ ಶುರುವಾಗಿ ಕನ್ನಡಿ ನಡುಗಿತು, ದೊಡ್ಡಮ್ಮ ಎರಡೂ ಕೈಯಲ್ಲಿ ಕನ್ನಡಿ ಹಿಡಿದುಕೊಂಡು ನಿಂತಳು. ಅಷ್ಟು ದಿನ ಜೇಬಿನಲ್ಲಿ ಪಿನ್ನು ಹಾಕಿಟ್ಟಿದ್ದ ಕೈಗಳು. ನೊರೆಯ ಕೆಳಗಿಂದ ಗಲ್ಲ ಹೊರಬಂತು, ಗಲ್ಲದ ನಡುವೆ ಒಂದು ಸಣ್ಣ ಗುಳಿ. ದೊಡ್ಡಮ್ಮ ಅದನ್ನು ಬೆರಳಿನಿಂದ ಮುಟ್ಟಿದಳು.

"ರೀ," ಎಂದಳು, ಅವಳ ಬಾಯಲ್ಲಿ ನಾನು ಹಿಂದೆ ಎಂದೂ ಕೇಳದಷ್ಟು ಮೆಲ್ಲಗೆ, "ಇದೂ ಉಳಿದಿತ್ತಾ?"